ಮಾಜಿ ಶಾಸಕರ ಲಾಬಿ: ಬಿಲ್ಲಿನ ಒಂದು ಸಾಲಿನಲ್ಲಿ ಅಡಗಿರುವುದು

ಅಮೆರಿಕದಲ್ಲಿ ಲಾಬಿ (ಹಣ ಪಡೆದು ಇನ್ನೊಬ್ಬರ ಪರವಾಗಿ ಶಾಸಕರ ಮನವೊಲಿಸುವ ಕೆಲಸ) ನೋಂದಣಿ ಮತ್ತು ಅದರ ಲೆಕ್ಕಪತ್ರಗಳ ಬಗ್ಗೆ ಕಂಪನಿಗಳಿಗೆ ಸಲಹೆ ಕೊಡುವುದು ನನ್ನ ವಕೀಲಿ ವೃತ್ತಿ. ಮಾಜಿ ಶಾಸಕರನ್ನು ಲಾಬಿಗೆ ನೇಮಿಸಿಕೊಳ್ಳಲು ಹೊರಟ ಕಂಪನಿಗಳಿಗೆ ಇಲಿನಾಯ್ ರಾಜ್ಯದ ಮೈಕೆಲ್ ಮೆಕ್‌ಕ್ಲೇನ್ ಅವರ ಪ್ರಕರಣವನ್ನು ಮೊದಲು ಓದಿ ಎನ್ನುತ್ತೇನೆ.

ಮಿಸಿಸಿಪಿ ದಡದ ಕ್ವಿನ್ಸಿ ಊರಿನ ಮೆಕ್‌ಕ್ಲೇನ್ 1970ರ ದಶಕದಲ್ಲಿ ರಾಜ್ಯದ ಕೆಳಮನೆಯ ಸದಸ್ಯರಾಗಿದ್ದರು. ಮೈಕೆಲ್ ಮ್ಯಾಡಿಗನ್ ಅವರ ಸಹೋದ್ಯೋಗಿ ಮತ್ತು ಗೆಳೆಯರಾಗಿದ್ದರು. 1980ರ ಸಂವಿಧಾನ ತಿದ್ದುಪಡಿಯಿಂದ ಸದನದ ಸ್ಥಾನಗಳು 177ರಿಂದ 118ಕ್ಕೆ ಇಳಿದ ಮೇಲೆ ನಡೆದ 1982ರ ಚುನಾವಣೆಯಲ್ಲಿ ಅವರು ಸೋತು, ವಕೀಲರಾಗಿ, ಲಾಬಿಗಾರರಾಗಿ ಮುಂದುವರಿದರು. ಮರುವರ್ಷವೇ ಸ್ಪೀಕರ್ ಆದ ಮ್ಯಾಡಿಗನ್, ನಡುವೆ ಎರಡು ವರ್ಷ ಬಿಟ್ಟರೆ, 2021ರವರೆಗೂ ಆ ಪೀಠದಲ್ಲಿದ್ದರು. ಸೋತ ಶಾಸಕರ ಆ ಒಂದು ಗೆಳೆತನದ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಯಿತು.

ಅವರ ದೊಡ್ಡ ಗ್ರಾಹಕ ಕಾಮ್‌ಎಡ್, ಶಿಕಾಗೋ ಸೇರಿದಂತೆ ಉತ್ತರ ಇಲಿನಾಯ್‌ಗೆ ವಿದ್ಯುತ್ ಪೂರೈಸುವ ಕಂಪನಿ. ಅದರ ದರ ನಿಗದಿಯ ನಿಯಮಗಳು ಶಾಸನಸಭೆಯ ಕೈಯಲ್ಲಿದ್ದು, 2011 ಮತ್ತು 2016ರ ಕಾಯಿದೆಗಳು ಅದಕ್ಕೆ ಬಹಳ ಅನುಕೂಲ ಮಾಡಿಕೊಟ್ಟವು. ಅದೇ ಅವಧಿಯಲ್ಲಿ ಕಂಪನಿಯಿಂದ ಸ್ಪೀಕರರ ಆಪ್ತರಿಗೆ ಸುಮಾರು 13 ಲಕ್ಷ ಡಾಲರ್ ಸಂದಾಯವಾಯಿತು. ಅವರಲ್ಲಿ ಹೆಚ್ಚಿನವರು ಮಾಡಿದ ಕೆಲಸ ಅತ್ಯಲ್ಪ. ಹಣ ನೇರವಾಗಿ ಹೋಗದೆ ಬೇರೆ ಸಲಹೆಗಾರರ ಗುತ್ತಿಗೆಗಳ ಒಳಗೆ ಉಪಗುತ್ತಿಗೆಯಾಗಿ ಸೇರಿಕೊಂಡಿತ್ತು. ಮೆಕ್‌ಕ್ಲೇನ್ ಅವರ ಇಮೇಲ್‌ಗಳಲ್ಲಿ ಸ್ಪೀಕರ್ ಹೆಸರಿನ ಜಾಗದಲ್ಲಿ ‘ನಮ್ಮ ಗೆಳೆಯ’ ಎಂದಿರುತ್ತಿತ್ತು. ಇದು ಸ್ಪೀಕರರನ್ನು ಒಲಿಸಿಕೊಳ್ಳಲು ಕೊಟ್ಟ ಲಂಚ ಎಂದು ಸರ್ಕಾರ ಮೊಕದ್ದಮೆ ಹೂಡಿತು; ಇದೆಲ್ಲ ಕಾನೂನುಬದ್ಧ ಲಾಬಿಯೇ ಎಂಬುದು ಪ್ರತಿವಾದಿಗಳ ವಾದವಾಗಿತ್ತು.

2020ರಲ್ಲಿ ಕಂಪನಿ 20 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. 2023ರಲ್ಲಿ ಮೆಕ್‌ಕ್ಲೇನ್ ಮತ್ತು ಇತರ ಮೂವರು ತಪ್ಪಿತಸ್ಥರೆಂದು ತೀರ್ಪಾಯಿತು. ಮರುವರ್ಷ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಲಂಚ ಕಾಯಿದೆಯ ವ್ಯಾಪ್ತಿಯನ್ನು ಕಿರಿದುಗೊಳಿಸಿದ್ದರಿಂದ ಲಂಚದ ಆರೋಪಗಳ ತೀರ್ಪು ಬಿದ್ದುಹೋದರೂ, ಒಳಸಂಚಿನ ಮತ್ತು ಕಂಪನಿಯ ಲೆಕ್ಕಪುಸ್ತಕಗಳನ್ನು ಸುಳ್ಳಾಗಿಸಿದ ಆರೋಪಗಳು ನಿಂತವು. 2025ರಲ್ಲಿ ಮೆಕ್‌ಕ್ಲೇನ್‌ಗೆ ಎರಡು ವರ್ಷ, ಬೇರೆ ವಿಚಾರಣೆಯಲ್ಲಿ ಮ್ಯಾಡಿಗನ್‌ಗೆ ಏಳೂವರೆ ವರ್ಷ ಸೆರೆ ವಿಧಿಸಲಾಯಿತು.

ಲೆಕ್ಕಪುಸ್ತಕದ ಆರೋಪ ಉಳಿದದ್ದೇ ನನಗೆ ಮುಖ್ಯವೆನಿಸುತ್ತದೆ. ತಿಂಗಳು ತಿಂಗಳೂ ಒಂದೇ ಮೊತ್ತದ, ‘ಸಲಹಾ ಸೇವೆ’ ಎಂಬ ಒಂದೇ ಸಾಲಿನ ಬಿಲ್ಲು ನನ್ನ ಮುಂದೆ ಬಂದರೆ, ಅದರಡಿ ಯಾರ್‍ಯಾರಿಗೆ ಹಣ ಹಂಚಿಕೆಯಾಗುತ್ತದೆ, ಅವರು ಮಾಡಿದ ಕೆಲಸವೇನು ಎಂದು ಲಿಖಿತವಾಗಿ ಕೇಳುತ್ತೇನೆ. ಗ್ರಾಹಕರಿಗೆ ಇದು ಕಿರಿಕಿರಿ, ನಿಜ. (ಲಾಬಿಗಾರರ ನೋಂದಣಿಗೆ ಪ್ರತ್ಯೇಕ ಕಾಯಿದೆಯೇ ಇಲ್ಲದ ಭಾರತದಲ್ಲಿ ಈ ಪ್ರಶ್ನೆಗೆ ಕಾನೂನಿನ ಆಸರೆಯೂ ಕಡಿಮೆ.)

ಹುದ್ದೆ ಬಿಟ್ಟ ಮೇಲೆ ಇಷ್ಟು ಕಾಲ ಲಾಬಿ ಮಾಡಬಾರದೆಂಬ ನಿಷೇಧವೇ ಮದ್ದು ಎಂದು ಅನೇಕರು ನಂಬುತ್ತಾರೆ. ಫ್ಲಾರಿಡಾದಲ್ಲಿ ಅದು ಆರು ವರ್ಷ. ಇಲಿನಾಯ್‌ನಲ್ಲಿ ಬರೀ ಆರು ತಿಂಗಳು, ಅದೂ ಆಗಿನ ಸದನದ ಅವಧಿ ಮುಗಿದೊಡನೆ ಕೊನೆಗೊಳ್ಳುವಂಥದ್ದು. ಆದರೆ ಮೆಕ್‌ಕ್ಲೇನ್ ಅವರ ಮೇಲಿನ ಆರೋಪಗಳು ಅವರು ಸದನ ಬಿಟ್ಟು ಸುಮಾರು ಮೂರು ದಶಕಗಳಾದ ಮೇಲಿನ ವ್ಯವಹಾರಕ್ಕೆ ಸೇರಿದವು. ಅದನ್ನು ತಡೆಯಬಹುದಾಗಿದ್ದದ್ದು, ಉಪಗುತ್ತಿಗೆದಾರರ ಹೆಸರು ಮತ್ತು ಮೊತ್ತವನ್ನು ಕಂಪನಿ ತನ್ನ ಪುಸ್ತಕದಲ್ಲೇ ಪ್ರತ್ಯೇಕವಾಗಿ ಬರೆಯಬೇಕೆಂಬ ಷರತ್ತು ಮಾತ್ರ.