ಎರಡು ಆಂಪ್, ಒಂದು ಪೆಟ್ಟಿಗೆ

ಕಳೆದ ಮಳೆಗಾಲದಲ್ಲಿ ಮಂಜೇಶ್ವರ ಕಡೆಯ ಇಬ್ಬರು ಹುಡುಗರು ಬದಿಯಡ್ಕದ ನನ್ನ ಅಂಗಡಿಗೆ 50 ವಾಟ್‌ನ ಒಂದು ವಾಲ್ವ್ ಗಿಟಾರ್ ಆಂಪ್ (ಗಾಜಿನ ವಾಲ್ವುಗಳಿಂದ ಗಿಟಾರಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಹೊತ್ತು ತಂದರು. ಮುಚ್ಚಳ ತೆಗೆದರೆ ಸುಟ್ಟ ಬೇಕಲೈಟಿನ ವಾಸನೆ. ಔಟ್‌ಪುಟ್ ವಾಲ್ವಿನ ಸಾಕೆಟ್‌ನಲ್ಲಿ ಎರಡು ಪಿನ್‌ಗಳ ನಡುವೆ ಕಿಡಿ ಹಾರಿ ಕರಿಗೆರೆ ಬಿದ್ದಿತ್ತು.

“ಓಮ್ ಸರಿಯಾಗಿಯೇ ಇತ್ತು ಅಣ್ಣಾ, ಎಂಟಕ್ಕೆ ಎಂಟು” ಎಂದ ದೊಡ್ಡವನು.

ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಆಂಪ್‌ನ 8 ಓಮ್ ಜ್ಯಾಕಿಗೆ 8 ಓಮ್‌ನ ಪೆಟ್ಟಿಗೆಯನ್ನೇ ಹಾಕಿದ್ದೆವು ಎಂದು ಅವನ ಮಾತು. ಅವನು ಹೇಳಿದ್ದು ಸುಳ್ಳಲ್ಲ. ಅವರಲ್ಲಿದ್ದದ್ದು ಎರಡು ಆಂಪ್, ಒಂದೇ ಸ್ಪೀಕರ್ ಪೆಟ್ಟಿಗೆ, ನಡುವೆ ತಾವೇ ಕಟ್ಟಿದ ಸ್ವಿಚ್ಚು. ಪೆಟ್ಟಿಗೆ ಜೊತೆಗಿದ್ದಷ್ಟು ಹೊತ್ತು ಆಂಪ್‌ಗೆ ಏನೂ ಆಗಿರಲಿಲ್ಲ. ಪೆಟ್ಟಿಗೆ ಮತ್ತೊಂದರ ಪಾಲಾದ ಮೇಲೂ ಗಿಟಾರಿನ ಸಿಗ್ನಲ್ ಇದಕ್ಕೆ ಬರುತ್ತಲೇ ಇತ್ತು. ಅದೇ ಕೊಂದದ್ದು.

ಬಯಲಾಟಕ್ಕೆ, ಜಾತ್ರೆಗೆ ಮೈಕ್ ಕಟ್ಟಿದವರಿಗೆ ಈ ವಿಷಯ ಅರ್ಧ ಗೊತ್ತಿರುತ್ತದೆ. ಮೈಕ್‌ಸೆಟ್ಟಿನ ಹಿಂಭಾಗದಲ್ಲಿ 4, 8, 16 ಓಮ್, 70 ವೋಲ್ಟ್, 100 ವೋಲ್ಟ್ ಎಂದು ಬರೆದ ಸ್ಕ್ರೂಗಳಿರುತ್ತವೆ. ಗದ್ದೆಯಾಚೆಯ ಹಾರ್ನಿಗೆ ತಂತಿ ಎಳೆಯುವಾಗ 100 ವೋಲ್ಟಿಗೆ ಸಿಕ್ಕಿಸಿ, ಹಾರ್ನಿನ ಬುಡದಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್ ಇಡುತ್ತೇವೆ. ವಾಲ್ವ್ ಆಂಪ್‌ನ ಹಿಂದಿರುವ 4, 8, 16 ಕೂಡ ಅದೇ ಜಾತಿಯವು. ವಾಲ್ವಿಗೆ ಬೇಕಾದದ್ದು ಸಾವಿರಾರು ಓಮ್‌ನ ಹೊರೆ, ಸ್ಪೀಕರಿನಲ್ಲಿರುವುದು ಬರೀ ಎಂಟು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ತನ್ನ ಸುತ್ತುಗಳ ಅನುಪಾತದ ವರ್ಗದಷ್ಟು ಪಟ್ಟು ಅದನ್ನು ದೊಡ್ಡದಾಗಿಸಿ ವಾಲ್ವಿಗೆ ತೋರಿಸುತ್ತದೆ. ಅನುಪಾತ 20 ಎಂದುಕೊಳ್ಳಿ: 400 ಪಟ್ಟು, ಅಂದರೆ 8 ಓಮ್ ವಾಲ್ವಿನ ಕಣ್ಣಿಗೆ 3,200. ಅದೇ ಜ್ಯಾಕಿಗೆ 16 ಓಮ್‌ನ ಪೆಟ್ಟಿಗೆ ಸಿಕ್ಕಿಸಿದರೆ 6,400. ಹೀಗೆ ಒಂದು ಮೆಟ್ಟಿಲು ಆಚೀಚೆಯಾದರೆ ಗಟ್ಟಿ ಆಂಪ್ ಅಂದೇ ಸಾಯುವುದಿಲ್ಲ. ಶಕ್ತಿ ಇಳಿಯುತ್ತದೆ, ನಾದ ಬದಲಾಗುತ್ತದೆ. ಆ ನಾದವೇ ಚೆಂದ ಎಂದು ವಾದಿಸುವವರನ್ನೂ ಕಂಡಿದ್ದೇನೆ. ಬಿಲ್ ಕೊಡುವಾಗ ಅವರು ವಾದಿಸುವುದಿಲ್ಲ.

ಏನನ್ನೂ ಸಿಕ್ಕಿಸದೆ ನುಡಿಸುವುದು ಮಾತ್ರ ಬೇರೆಯೇ ಕಥೆ. ಅಡಿಕೆ ತೋಟದಲ್ಲಿ ಗೇಟ್‌ವಾಲ್ವನ್ನು ಥಟ್ಟನೆ ಮುಚ್ಚಿದರೆ ಪೈಪಿನ ಜಾಯಿಂಟ್ ಹಾರುವುದನ್ನು ನೋಡಿದ್ದೀರಲ್ಲ? ಟ್ರಾನ್ಸ್‌ಫಾರ್ಮರಿನ ಸುರುಳಿಯಲ್ಲಿ ಹರಿಯುವ ಕರೆಂಟಿಗೆ ಹೋಗಲು ದಾರಿ ಇಲ್ಲದಾಗ ವೋಲ್ಟೇಜ್ ಸಾವಿರಗಳಿಗೆ ಜಿಗಿಯುತ್ತದೆ, ದುರ್ಬಲ ಜಾಗ ಹುಡುಕಿ ಕಿಡಿ ಹಾರಿಸುತ್ತದೆ. ಹುಡುಗರ ಅದೃಷ್ಟಕ್ಕೆ ಆ ಜಾಗ ಸಾಕೆಟ್ ಆಗಿತ್ತು. ಟ್ರಾನ್ಸ್‌ಫಾರ್ಮರ್ ಉಳಿದಿತ್ತು.

ಟ್ರಾನ್ಸಿಸ್ಟರ್ ಆಂಪ್‌ನ ಭಯ ತಿರುವುಮುರುವು. ಸ್ಪೀಕರ್ ಇಲ್ಲದಿದ್ದರೂ ಅದು ಸುಮ್ಮನಿರುತ್ತದೆ. ಓಮ್ ತೀರಾ ಇಳಿದರೆ ಸುಡುತ್ತದೆ. ‘ಕನಿಷ್ಠ 4’ ಎಂದಿರುವಲ್ಲಿ 4 ಓಮ್‌ನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್, ಕರೆಂಟ್ ಇಮ್ಮಡಿ. 8 ಹಾಕಿದರೆ ಶಕ್ತಿ ಹೆಚ್ಚುಕಡಿಮೆ ಅರ್ಧವಾಗುತ್ತದೆ ಅಷ್ಟೇ.

ಪೆಟ್ಟಿಗೆಗಳ ಲೆಕ್ಕ ಸುಲಭ. ಎರಡು 8 ಸಮಾಂತರವಾದರೆ 4, ಸರಣಿಯಾದರೆ 16. ಎಂಟನ್ನೂ ಹದಿನಾರನ್ನೂ ಸಮಾಂತರವಾಗಿ ಬೆರೆಸಿದರೆ 5.3, ಆಗ 8ರ ಪೆಟ್ಟಿಗೆ ಇಮ್ಮಡಿ ಶಕ್ತಿ ನುಂಗುತ್ತದೆ. ಮಾರ್ಷಲ್ 1960ಎ ಪೆಟ್ಟಿಗೆಯಂತಹವುಗಳಲ್ಲಿ ಹಿಂದಿನ ಫಲಕವನ್ನು ಓದದೆ ಜ್ಯಾಕ್ ತುರುಕಬೇಡಿ: ಒಂದೇ ಪೆಟ್ಟಿಗೆ ಮೊನೊದಲ್ಲಿ 4 ಅಥವಾ 16, ಸ್ಟೀರಿಯೊದಲ್ಲಿ ಪ್ರತಿ ಬದಿಗೆ 8. ಮಲ್ಟಿಮೀಟರ್ ಹಿಡಿದು “ಆರೇ ಬರುತ್ತಿದೆ, ಸ್ಪೀಕರ್ ಹಾಳು” ಎನ್ನುವವರೂ ಇದ್ದಾರೆ. ಮೀಟರ್ ಅಳೆಯುವುದು ತಾಮ್ರದ ಸುರುಳಿಯ ಡಿಸಿ ರೋಧವನ್ನು, ಪೆಟ್ಟಿಗೆಯ ಮೇಲೆ ಬರೆದದ್ದು ಸಂಗೀತದ ಎಸಿ ಸಿಗ್ನಲ್ಲಿಗೆ ಒಡ್ಡುವ ತಡೆಯನ್ನು. 8 ಓಮ್ ಸ್ಪೀಕರಿಗೆ ಆರರ ಆಸುಪಾಸು ಬರುವುದೇ ಸರಿ.

ಇನ್ನು ಸ್ವಿಚ್ಚು. ಎರಡು ಆಂಪ್‌ಗಳ ಔಟ್‌ಪುಟ್ಟುಗಳನ್ನು ಕವಲು ತಂತಿಯಿಂದ ಒಂದೇ ಪೆಟ್ಟಿಗೆಗೆ ಕೂಡಿಸುವುದಂತೂ ಬೇಡವೇ ಬೇಡ. ಒಂದರ ಶಕ್ತಿ ಮತ್ತೊಂದರ ಹೊಟ್ಟೆಗೆ ನುಗ್ಗುತ್ತದೆ. ಡಬ್ಬಿ ಕಟ್ಟಲೇಬೇಕೆಂದರೆ, ಕೆಲಸವಿಲ್ಲದ ವಾಲ್ವ್ ಆಂಪ್‌ಗೆ ಸ್ಪೀಕರಿನ ಬದಲು 8 ಓಮ್, 100 ವಾಟ್‌ನ ತಂತಿ ಸುತ್ತಿದ ರೆಸಿಸ್ಟರ್ ಸಿಗಬೇಕು. ಅದನ್ನು ದಪ್ಪ ಅಲ್ಯೂಮಿನಿಯಂ ತಗಡಿಗೆ ಬಿಗಿದಿರಬೇಕು. ಡಬ್ಬಿಯೊಳಗಿನ ರಿಲೇ (ಕರೆಂಟಿನಿಂದ ಚಲಿಸುವ ಸ್ವಿಚ್ಚು) ಆಚೆಯಿಂದ ಈಚೆಗೆ ಬರುವ ಕ್ಷಣದಲ್ಲೂ ಆಂಪ್ ಬರಿಗೈಯಲ್ಲಿರುತ್ತದೆ, ಆದ್ದರಿಂದ ಮೊದಲು ಸಿಗ್ನಲ್ ಮುಚ್ಚಬೇಕು, ಆಮೇಲೆ ಸ್ಪೀಕರ್ ಬದಲಿಸಬೇಕು. ಎರಡೂ ತಂತಿಗಳು ಬದಲಾಗಲಿ. ಕೆಲವು ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಸ್ಪೀಕರಿನ ಮೈನಸ್ ಗ್ರೌಂಡ್ ಆಗಿರುವುದಿಲ್ಲ. ಗಿಟಾರಿನ ತೆಳು ಕೇಬಲನ್ನು ಸ್ಪೀಕರಿಗೆ ಹಾಕಬಾರದು, ಜ್ಯಾಕ್ ಒಂದೇ ತರಹ ಇದ್ದರೂ.

ನನ್ನ ಅಭಿಪ್ರಾಯ ಕೇಳಿದರೆ, ಇಷ್ಟೆಲ್ಲ ರಗಳೆಗಿಂತ ಎರಡು ಆಂಪ್‌ಗೆ ಎರಡು ಪೆಟ್ಟಿಗೆ ಇಟ್ಟುಕೊಂಡು, ಸ್ವಿಚ್ಚನ್ನು ಗಿಟಾರಿನ ಕಡೆಗೆ ತರುವುದು ಮೇಲು. ಅಲ್ಲಿ ಬದಲಾಗುವುದು ಮಿಲಿವೋಲ್ಟುಗಳು. ಹುಡುಗರಿಗೂ ಅದನ್ನೇ ಹೇಳಿದೆ. ವ್ಯಾನಿನಲ್ಲಿ ಜಾಗವಿಲ್ಲ ಎಂದರು. ಕೊನೆಗೆ ತಗ್ಗು ಪೆಟ್ಟಿಗೆಯೊಂದನ್ನು ಸೀಟಿನಡಿ ಹೊಂದಿಸಿಕೊಂಡಿದ್ದಾರಂತೆ. ಅವರ ಸ್ವಿಚ್ಚಿನ ಡಬ್ಬಿ ಇನ್ನೂ ನನ್ನ ಮೇಜಿನ ಕೆಳಗಿದೆ.