ಕಟ್ಟಿರುವುದು ಹಿಕ್ಕೆಯಲ್ಲ, ಉಚ್ಚೆ

ಪಿಗ್ಮಿ ಎಂದೋ ಬ್ಲ್ಯಾಕ್ ಬೆಂಗಾಲ್ ಎಂದೋ ಹೇಳಿ ಮಾರುವ ಗಿಡ್ಡ ಮೇಕೆಗಳನ್ನು ಮುದ್ದಿಗಾಗಿ ಸಾಕುವವರು ಈಗ ದಾವಣಗೆರೆಯ ಬಡಾವಣೆಗಳಲ್ಲೂ ಇದ್ದಾರೆ. ಒಂಟಿ ಮೇಕೆ ಕೊರಗುತ್ತದೆ, ಪಿಪಿಆರ್ (ಕುರಿ-ಮೇಕೆಗಳ ಪ್ಲೇಗ್) ಮತ್ತು ಕರುಳುಬೇನೆಗೆ ಲಸಿಕೆ ಹಾಕಿಸಬೇಕು ಎಂಬುದೆಲ್ಲ ಅವರಿಗೆ ಗೊತ್ತು. ನಾನು ಹೇಳಿ ಹೇಳಿ ಸೋತಿರುವುದು ಬೀಜ ಒಡೆಸಿದ ಗಂಡುಮೇಕೆಯ ವಿಷಯದಲ್ಲಿ.

ಹೋತದ ನಾತ ಬೇಡವೆಂದು ಎಳೆಯ ಮರಿಗೇ ಬೀಜ ಒಡೆಸುತ್ತಾರೆ; ಆಮೇಲೆ ಅಕ್ಕರೆಯಿಂದ ಅನ್ನ, ಕಾಳು, ಬೂಸಾ, ತೌಡು ತಿನ್ನಿಸುತ್ತಾರೆ. ಇವುಗಳಲ್ಲಿ ರಂಜಕ (ಫಾಸ್ಫರಸ್) ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಮೇವಿನಲ್ಲಿ ಒಂದು ಪಾಲು ರಂಜಕಕ್ಕೆ 2 ಪಾಲಾದರೂ ಕ್ಯಾಲ್ಸಿಯಂ ಇರಬೇಕು. ಆ ಲೆಕ್ಕ ತಪ್ಪಿದರೆ ಮಿಕ್ಕ ರಂಜಕ ಮೂತ್ರಕ್ಕಿಳಿದು ಹರಳುಗಟ್ಟುತ್ತದೆ. ಹೆಣ್ಣಿನ ಮೂತ್ರನಾಳ ಗಿಡ್ಡ, ಅಗಲ, ಹರಳು ಹೊರಬೀಳುತ್ತದೆ. ಗಂಡಿನದು ಉದ್ದವಾಗಿ, ಕಿರಿದಾಗಿ, ನಡುವೆ ತಿರುವಿದ್ದು, ತುದಿಯಲ್ಲಿ ಹುಳುವಿನಂಥ ಎಳೆಯಾಗಿ ಮುಗಿಯುತ್ತದೆ. ಹರಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಆ ಎಳೆಯಲ್ಲಿ ಅಥವಾ ತಿರುವಿನಲ್ಲಿ.

ನಿಟ್ಟುವಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಸಂಜೆಯ ಮಂಡಕ್ಕಿಯನ್ನು ತಮ್ಮ ಮೇಕೆಯೊಂದಿಗೆ ಹಂಚಿಕೊಂಡೇ ತಿನ್ನುತ್ತಿದ್ದವರು. “ನಿನ್ನೆಯಿಂದ ತಿಣುಕ್ತಾ ಇದೆ ಡಾಕ್ಟ್ರೇ, ಹಿಕ್ಕೆ ಕಟ್ಟಿದೆ, ಹರಳೆಣ್ಣೆ ಕುಡಿಸಿದೀವಿ” ಎಂದರು. “ಉಚ್ಚೆ ಹೊಯ್ದದ್ದು ನೋಡಿದ್ರಾ ಮೇಷ್ಟ್ರೇ?” ಎಂದು ಕೇಳಿದೆ. “ಅದನ್ನ ಯಾರು ನೋಡ್ತಾರೆ!” ಎಂದರು.

ಅದನ್ನೇ ನೋಡಬೇಕು. ಗಂಡುಮೇಕೆ ಮೈ ನೀಳ ಮಾಡಿ, ಬಾಲ ಅಲುಗಿಸುತ್ತ, ನರಳುತ್ತ ತಿಣುಕಿದರೆ, ಬೇರೆಯದೆಂದು ಖಚಿತವಾಗುವವರೆಗೆ ಅದನ್ನು ಮಲಬದ್ಧತೆ ಎನ್ನಬೇಡಿ. ಮೂತ್ರ ಕಟ್ಟಿದೆ ಎಂದೇ ತಿಳಿಯಿರಿ. ಹಿಕ್ಕೆ ಬೀಳುತ್ತಿದೆ ಎಂಬುದೂ ಸಮಾಧಾನದ ಮಾತಲ್ಲ, ಹನಿ ಹನಿಯಾಗಿ ಉಚ್ಚೆ ಬರುತ್ತಿದೆ ಎಂಬುದೂ ಅಲ್ಲ. ಹರಳೆಣ್ಣೆ ಕುಡಿಸುತ್ತ ಕಳೆದ ರಾತ್ರಿಯಲ್ಲೇ ಮೂತ್ರಕೋಶ ಒಡೆಯಬಹುದು. ಉಚ್ಚೆ ಇಳಿಸುವ ಇಂಜೆಕ್ಷನ್ ಕೊಡಿಸಿದರೆ, ದಾರಿ ಮುಚ್ಚಿರುವ ಚೀಲಕ್ಕೆ ಇನ್ನಷ್ಟು ನೀರು ತುಂಬಿದಂತಾಗುತ್ತದೆ. ಮೇಷ್ಟ್ರ ಮೇಕೆಗೆ ತುದಿಯ ಎಳೆಯನ್ನು ಕತ್ತರಿಸಿದ್ದೇ ಸಾಕಾಯಿತು. ಎಲ್ಲ ಮೇಕೆಗಳಿಗೂ ಅಷ್ಟರಲ್ಲಿ ಮುಗಿಯುವುದಿಲ್ಲ. ಮಂಡಕ್ಕಿ ಇನ್ನೂ ಕದ್ದು ಕೊಡುತ್ತಾರೆಂದು ಅವರ ಮನೆಯವರ ದೂರು.

ಜೋಳದ ಸಪ್ಪೆ, ಹುಲ್ಲು, ಮರದ ಸೊಪ್ಪು ಮುಖ್ಯ ಮೇವಾಗಿರಲಿ. ನೆಕ್ಕಲು ಉಪ್ಪು, ಕುಡಿಯಲು ಶುದ್ಧ ನೀರು ಸದಾ ಇರಲಿ. ಕ್ಯಾಲ್ಸಿಯಂ ಒಳ್ಳೆಯದೆಂದು ಶೇಂಗಾ ಬಳ್ಳಿಯನ್ನೇ ಹಾಕಿದರೆ ಬೇರೆ ಬಗೆಯ ಹರಳು ಕಟ್ಟಬಹುದು. ಬೀಜ ಒಡೆಸುವುದನ್ನು ಕೆಲವು ತಿಂಗಳು ಮುಂದೂಡಿದರೆ ಮೂತ್ರನಾಳ ಚೆನ್ನಾಗಿ ಬೆಳೆಯುತ್ತದೆಂದು ನಾನು ಸಲಹೆ ಕೊಡುತ್ತೇನೆ, ಎಲ್ಲ ವೈದ್ಯರೂ ಇದನ್ನು ಒಪ್ಪುವುದಿಲ್ಲ. ಮುಂದೂಡುವುದಾದರೆ 3 ತಿಂಗಳು ತುಂಬುವ ಮೊದಲೇ ಗಂಡುಮರಿಯನ್ನು ಹೆಣ್ಣುಗಳಿಂದ ಬೇರೆ ಕಟ್ಟಿ. ತಾಯಿ, ತಂಗಿ ಎಂಬ ಭೇದ ಅದಕ್ಕಿಲ್ಲ.