ಹಾಡು ಹಿಡಿದು ಹದಿನಾರಕ್ಕೆ

ಹ್ಯಾಂಬರ್ಗಿನ ವಿಮಾನ ನಿಲ್ದಾಣದಲ್ಲಿ ಬೋಯಿಂಗ್ 747 ಇಳಿಯುತ್ತಿದೆ. ಹೊರಗೆ ನವೆಂಬರಿನ ಮಳೆ. ಒಳಗೆ ಕುಳಿತ 37 ವರ್ಷದ ಪ್ರಯಾಣಿಕನಿಗೆ ತಲೆಯ ಮೇಲಿನ ಸ್ಪೀಕರಿನಿಂದ ಒಂದು ಪರಿಚಿತ ಧಾಟಿ ಕೇಳಿಸುತ್ತದೆ. ಬೀಟಲ್ಸ್ ತಂಡದ ‘ನಾರ್ವೇಜಿಯನ್ ವುಡ್’. ಹಾಡುವವರು ಯಾರೂ ಇಲ್ಲ, ಬರೀ ವಾದ್ಯಗಳು. ಅಷ್ಟಕ್ಕೇ ಆತ ಮುಂದಕ್ಕೆ ಬಾಗಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಳ್ಳುತ್ತಾನೆ. ಮೈ ಸರಿಯಿಲ್ಲವೇ ಎಂದು ಗಗನಸಖಿ ಬಂದು ವಿಚಾರಿಸುತ್ತಾಳೆ. ಆದರೆ ಅವನಾಗಲೇ 1969ರ ಜಪಾನಿನ ಒಂದು ಹುಲ್ಲುಗಾವಲಿನಲ್ಲಿದ್ದಾನೆ, ಇಪ್ಪತ್ತು ತುಂಬಲಿರುವ ಹುಡುಗನಾಗಿ.

ಹರುಕಿ ಮುರಕಮಿಯವರ 1987ರ ಕಾದಂಬರಿ ಶುರುವಾಗುವುದು ಹೀಗೆ. ಅದರ ಹೆಸರೂ ಆ ಹಾಡಿನದೇ. ಜಾರ್ಜ್ ಹ್ಯಾರಿಸನ್ ಸಿತಾರ್ ನುಡಿಸಿದ ಆ ಹಾಡು ಬಂದದ್ದು 1965ರಲ್ಲಿ. ಲೇಖಕರಾಗುವ ಮುಂಚೆ ಮುರಕಮಿ ಟೋಕಿಯೊದಲ್ಲಿ ಜಾಝ್ ಸಂಗೀತದ ಬಾರ್ ನಡೆಸುತ್ತಿದ್ದವರು. ಗ್ರೀಸ್ ಮತ್ತು ಇಟಲಿಯಲ್ಲಿ ಕುಳಿತು ಈ ಕಾದಂಬರಿ ಬರೆಯುವಾಗ ಬೀಟಲ್ಸ್ ಹಾಡುಗಳನ್ನು ವಾಕ್‌ಮನ್‌ನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದರು. ಬರೆಯಲು ತೊಡಗಿದಾಗ ಅವರ ವಯಸ್ಸೂ ಸರಿಯಾಗಿ 37.

ಹದಿಹರೆಯದವರಿಗಾಗಿ ಕತೆ ಬರೆಯುವ ಯಾರೇ ಆದರೂ ಎದುರಿಸುವ ದೊಡ್ಡ ಕಷ್ಟ ಆ ಮೊದಲ ಪುಟದಲ್ಲಿದೆ. ಬರೆಯುವವರಿಗೆ ವಯಸ್ಸಾಗಿರುತ್ತದೆ. ಹದಿನಾರರಲ್ಲಿ ಏನೇನು ನಡೆಯಿತು ಎಂಬುದು ಗೊತ್ತಿರುತ್ತದೆ, ಆದರೆ ಅದು ಹೇಗಿತ್ತು ಎಂಬುದು ಕೈಗೆ ಸಿಗುವುದಿಲ್ಲ. ಗೆಳತಿ ಮಾತು ಬಿಟ್ಟದ್ದಕ್ಕೆ ಎರಡು ದಿನ ಊಟ ಸೇರದಿದ್ದ ಆ ವಯಸ್ಸನ್ನು ನಾವು ಹಿಂತಿರುಗಿ ನೋಡುವಾಗ ‘ಅದೆಲ್ಲ ಸರಿಹೋಯಿತು’ ಎಂಬ ಅರಿವೂ ಜೊತೆಗೇ ಬರುತ್ತದೆ. ಆ ಅರಿವು ಪುಟಕ್ಕೆ ಇಳಿದರೆ ಕತೆ ಸತ್ತಂತೆಯೇ. ಹದಿನಾರರ ಓದುಗರು ಅದನ್ನು ಮೊದಲ ಸಾಲಿನಲ್ಲೇ ಹಿಡಿದುಬಿಡುತ್ತಾರೆ.

ಕನ್ನಡದಲ್ಲಿ ನಮಗೆ ಎರಡು ಮಾತುಗಳಿವೆ. ‘ನಾನು ನೆನಪಿಸಿಕೊಂಡೆ’ ಎನ್ನುತ್ತೇವೆ, ‘ನನಗೆ ನೆನಪಾಯಿತು’ ಎಂದೂ ಎನ್ನುತ್ತೇವೆ. ಮೊದಲನೆಯದು ನಾವು ಮಾಡುವ ಕೆಲಸ, ಎರಡನೆಯದು ನಮ್ಮ ಮೇಲೆ ಬಂದೆರಗುವ ಸಂಗತಿ. ಹಾಡು ತರುವುದು ಹೆಚ್ಚಾಗಿ ಈ ಎರಡನೆಯ ಬಗೆಯ ನೆನಪನ್ನು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪೀಟರ್ ಜನಾಟ 2009ರಲ್ಲಿ ಇದನ್ನು ಮೆದುಳಿನ ಸ್ಕ್ಯಾನಿನಲ್ಲಿ ನೋಡಿದರು. ಯುವಜನರಿಗೆ ಅವರ ಬಾಲ್ಯ ಮತ್ತು ಹದಿಹರೆಯದ ಕಾಲದ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಿದಾಗ, ಸ್ವಂತ ಬದುಕಿನ ನೆನಪು ತಂದ ಹಾಡುಗಳಿಗೆ ಹಣೆಯ ಹಿಂದಿನ ನಡುಭಾಗ ಹೆಚ್ಚು ಚುರುಕಾಗುತ್ತಿತ್ತು. ಅದೇ ಭಾಗ ಹಾಡಿನ ಸ್ವರಸಂಚಾರವನ್ನೂ ಹಿಂಬಾಲಿಸುತ್ತಿತ್ತು. ‘ನಾನು’ ಎಂಬುದರ ಕುರಿತು ಯೋಚಿಸುವಾಗ ಕೆಲಸ ಮಾಡುವ ಜಾಗವೂ ಅದೇ. ಹಾಡು, ನೆನಪು, ನಾನು ಈ ಮೂರೂ ಒಂದೇ ಜಗುಲಿಯಲ್ಲಿ ಸೇರುತ್ತವೆ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ.

ಹದಿಹರೆಯದ ಹಾಡುಗಳಿಗೇ ಏಕೆ ಈ ಬಲ? ನಡುವಯಸ್ಸು ದಾಟಿದವರನ್ನು ಬದುಕಿನ ನೆನಪುಗಳನ್ನು ಹೇಳಿ ಎಂದು ಕೇಳಿದರೆ, ಸುಮಾರು ಹತ್ತರಿಂದ ಮೂವತ್ತರ ನಡುವಿನ ಸಂಗತಿಗಳು ಲೆಕ್ಕಕ್ಕಿಂತ ಹೆಚ್ಚಾಗಿ ಬರುತ್ತವೆ. ಮನೋವಿಜ್ಞಾನಿಗಳು ಇದನ್ನು ನೆನಪಿನ ಉಬ್ಬು ಎಂದು ಕರೆಯುತ್ತಾರೆ. ಮೊದಲ ಸಲ ಒಬ್ಬಳೇ ಬಸ್ ಹತ್ತಿದ್ದು, ಮೊದಲ ಪ್ರೀತಿ, ಮನೆ ಬಿಟ್ಟು ಹಾಸ್ಟೆಲ್ ಸೇರಿದ್ದು ಎಲ್ಲವೂ ಆ ವರ್ಷಗಳಲ್ಲೇ. ‘ನಾನು ಯಾರು’ ಎಂಬುದು ರೂಪ ಪಡೆಯುವುದೂ ಆಗಲೇ. ಅದರ ಜೊತೆಗೆ, ಸುಖಕ್ಕೆ ಸ್ಪಂದಿಸುವ ಮೆದುಳಿನ ವ್ಯವಸ್ಥೆ ಹದಿಹರೆಯದಲ್ಲಿ ವಿಶೇಷವಾಗಿ ಸೂಕ್ಷ್ಮವಾಗಿರುತ್ತದೆ. ಆಗ ಕೇಳಿದ ಹಾಡು ಆಳಕ್ಕೆ ಇಳಿಯುವುದರಲ್ಲಿ ಆಶ್ಚರ್ಯವಿಲ್ಲ.

ಇಳಿಯುವ ಬಗೆಯನ್ನು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವಲೋರಿ ಸಲೀಂಪೂರ್, ರಾಬರ್ಟ್ ಝಟೋರೆ ಮತ್ತು ಜೊತೆಗಾರರು 2011ರಲ್ಲಿ ಅಳೆದರು. ಭಾಗವಹಿಸಿದವರು ತಮ್ಮ ಮೈ ಜುಮ್ಮೆನ್ನಿಸುವ ಸಂಗೀತವನ್ನು ತಾವೇ ಆರಿಸಿ ತಂದಿದ್ದರು. ರೋಮಾಂಚನದ ಕ್ಷಣದಲ್ಲಿ ಮೆದುಳಿನ ಆಳದ ಒಂದು ಭಾಗದಲ್ಲಿ ಡೋಪಮೈನ್ ಎಂಬ, ಸುಖಕ್ಕೆ ನಂಟಿರುವ ರಾಸಾಯನಿಕ ಬಿಡುಗಡೆಯಾಗುತ್ತಿತ್ತು. ಅದಕ್ಕೂ ಕೆಲವು ಸೆಕೆಂಡುಗಳ ಮುಂಚೆ, ‘ಈಗ ಬರುತ್ತದೆ, ಈಗ ಬರುತ್ತದೆ’ ಎಂದು ಕಾಯುವಾಗ, ಇನ್ನೊಂದು ಭಾಗದಲ್ಲಿ. ಸುಖಕ್ಕೊಂದು ಜಾಗ, ಸುಖದ ನಿರೀಕ್ಷೆಗೆ ಬೇರೊಂದು ಜಾಗ! ರೋಮಾಂಚವನ್ನು ಎಂಟು ಸಾತ್ತ್ವಿಕ ಭಾವಗಳಲ್ಲಿ ಒಂದೆಂದು ಎಣಿಸಿದ ನಾಟ್ಯಶಾಸ್ತ್ರದ ಭರತ ಈ ಚಿತ್ರವನ್ನು ನೋಡಿದ್ದರೆ ಎಷ್ಟು ಸಂತೋಷಪಡುತ್ತಿದ್ದನೋ ಎಂದು ನನಗೆ ಅನ್ನಿಸುತ್ತಿರುತ್ತದೆ.

ನಿರೀಕ್ಷೆಯ ಆ ಭಾಗ ಕ್ಯಾಸೆಟ್ ಕಾಲದವರಿಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲಿ ಭಾವಗೀತೆಗಳ ಒಂದು ಕ್ಯಾಸೆಟ್ ಇತ್ತು. ಟೇಪು ಸಡಿಲವಾದಾಗ ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಸರಿಮಾಡುತ್ತಿದ್ದೆವು. ಎರಡನೆಯ ಹಾಡು ಮುಗಿದು ಮೂರನೆಯದು ಶುರುವಾಗುವ ಮುಂಚೆ ಸಣ್ಣದೊಂದು ಸರಸರ ಸದ್ದು ಬರುತ್ತಿತ್ತು. ಇವತ್ತು ಎರಡನೆಯ ಹಾಡನ್ನು ಮೊಬೈಲಿನಲ್ಲಿ ಕೇಳಿದರೂ, ಅದು ಮುಗಿದ ಕೂಡಲೇ ತಲೆಯೊಳಗೆ ಮೊದಲು ಆ ಸರಸರ, ಆಮೇಲೆ ಮೂರನೆಯ ಹಾಡಿನ ಕೊಳಲು.

ಕಳೆದ ವರ್ಷ ಪಿಯುಸಿ ಓದುವ ಹುಡುಗಿಯೊಬ್ಬಳ ಕತೆ ಬರೆಯುತ್ತಿದ್ದೆ. ಅವಳ ಜೀವದ ಗೆಳತಿ ಬಸ್ಸಿನಲ್ಲಿ ಬೇರೆಯವಳ ಪಕ್ಕ ಕುಳಿತ ದಿನದ ಸನ್ನಿವೇಶ. ‘ಅವಳಿಗೆ ತುಂಬಾ ಬೇಸರವಾಯಿತು’ ಎಂದು ಬರೆದೆ, ಹೊಡೆದುಹಾಕಿದೆ. ‘ಎದೆ ಭಾರವಾಯಿತು’ ಎಂದೆ, ಅದನ್ನೂ ಹೊಡೆದೆ. ಸಂಜೆ ಅದೇ ಎರಡನೆಯ ಹಾಡನ್ನು ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತೆ. ಬೇಸರ ನೆನಪಾಗಲಿಲ್ಲ. ನೆನಪಾದದ್ದು ಬಸ್ಸಿನ ಮುಂದಿನ ಸೀಟಿನ ಹಿಂಬದಿಯಲ್ಲಿ ಯಾರೋ ಕೈವಾರದಿಂದ ಕೊರೆದಿದ್ದ ಹೆಸರು. ಅದರ ಮೇಲೆ ಉಗುರು ಆಡಿಸುತ್ತ, ಹಿಂದಿನಿಂದ ಬರುವ ನಗು ನನ್ನ ಕುರಿತೇ ಇರಬಹುದೇ ಎಂದು ಕಿವಿಯಾಗಿದ್ದದ್ದು. ಹಾಡು ನಿಲ್ಲಿಸಿ ಆ ಉಗುರನ್ನೇ ಬರೆದೆ. ಸನ್ನಿವೇಶ ತಾನಾಗಿ ಮುಂದೆ ನಡೆಯಿತು.

ಹಾಡು ನಿಲ್ಲಿಸಿ ಎಂಬುದು ಇಲ್ಲಿ ಮುಖ್ಯ. ಏಕೆಂದರೆ ಒಮ್ಮೆ ನಿಲ್ಲಿಸದೆಯೇ ಬರೆದು ನೋಡಿದ್ದೇನೆ. ಉರಿಬಿಸಿಲಿನ ಆಟದ ಮೈದಾನ ಬರೆಯುತ್ತಿದ್ದಾಗ ಕಿವಿಯಲ್ಲಿದ್ದ ಗಾಯಕರು ‘ಬೆಳದಿಂಗಳು’ ಎಂದರು, ನನ್ನ ಬೆರಳು ಮೈದಾನದಲ್ಲಿ ಬೆಳದಿಂಗಳು ಎಂದೇ ಒತ್ತಿಬಿಟ್ಟಿತು. ಮೌನವಾಗಿ ಬರೆಯುವಾಗಲೂ ನಾವು ವಾಕ್ಯವನ್ನು ಒಳದನಿಯಲ್ಲಿ ಉಚ್ಚರಿಸಿಕೊಳ್ಳುತ್ತೇವೆ. ಹಾಡಿನ ಸಾಹಿತ್ಯವೂ ಅದೇ ಕಿರಿದಾದ ಓಣಿಯಲ್ಲಿ ನುಗ್ಗಿ ಬರುತ್ತದೆ. 1976ರಲ್ಲಿ ಕಾಲ್ ಮತ್ತು ವೆಲ್ಶ್ ಎಂಬ ಸಂಶೋಧಕರು ಅಕ್ಷರಗಳ ಸಾಲನ್ನು ನೆನಪಿಟ್ಟುಕೊಳ್ಳುವ ವಿದ್ಯಾರ್ಥಿಗಳಿಗೆ ಹಿನ್ನೆಲೆಯಲ್ಲಿ ಜರ್ಮನ್ ಭಾಷೆಯ ಓದನ್ನು ಕೇಳಿಸಿದರು. ಭಾಷೆ ಅರ್ಥವಾಗದಿದ್ದರೂ ನೆನಪು ಕೆಟ್ಟಿತು. ಮುಂದೆ ಸಲಾಮೆ ಮತ್ತು ಬ್ಯಾಡ್ಲಿ, ಬರೀ ವಾದ್ಯಸಂಗೀತಕ್ಕಿಂತ ಹಾಡುಗಾರಿಕೆಯೇ ಹೆಚ್ಚು ಅಡ್ಡಿ ಎಂದು 1989ರಲ್ಲಿ ತೋರಿಸಿದರು. ಹಾಡು ನಮಗೆ ಇಷ್ಟವಾದದ್ದು ಎಂಬುದರಿಂದಲೂ ವಿನಾಯಿತಿ ಸಿಗುವುದಿಲ್ಲ. 2014ರಲ್ಲಿ ಪ್ರಕಟವಾದ ಪರಮ್ ಮತ್ತು ಕರಿ ಅವರ ಪ್ರಯೋಗದಲ್ಲಿ ಮೆಚ್ಚಿನ ಹಾಡೂ ಮೆಚ್ಚದ ಹಾಡೂ ಓದಿನ ಗ್ರಹಿಕೆಗೆ ತೊಂದರೆ ಕೊಟ್ಟವು. ಬರವಣಿಗೆಯನ್ನೇ ನೇರವಾಗಿ ಪರೀಕ್ಷಿಸಿದ ರಾನ್ಸ್‌ಡೆಲ್ ಮತ್ತು ಗಿಲ್ರಾಯ್ 2001ರಲ್ಲಿ ಕಂಡದ್ದು ಇನ್ನೂ ಕಠಿಣ. ವಾದ್ಯಸಂಗೀತವಿದ್ದರೂ ಪದಗಳು ಹರಿಯುವ ವೇಗ ತಗ್ಗಿತು.

ಹಾಗಾದರೆ ಹಾಡು ಕೇಳುತ್ತಲೇ ಕಾದಂಬರಿ ಬರೆದವರ ಕತೆಯೇನು? ಅಮೆರಿಕದ ಅರಿಜೋನಾದ ಸ್ಟೆಫನಿ ಮೇಯರ್ 2003ರ ಜೂನ್‌ನಲ್ಲಿ ಕಂಡ ಒಂದು ಕನಸಿನಿಂದ ಹದಿಹರೆಯದವರಿಗಾಗಿ ಬರೆದ ತಮ್ಮ ‘ಟ್ವೈಲೈಟ್’ ಕಾದಂಬರಿ ಸರಣಿಯನ್ನು ಆರಂಭಿಸಿದರು. ಆಗ ಅವರಿಗೆ 29, ಮನೆಯಲ್ಲಿ ಮೂವರು ಪುಟ್ಟ ಗಂಡುಮಕ್ಕಳು. ನಾಯಕಿಗೆ 17. ಪುಸ್ತಕಗಳಿಗೆ ಹೊಂದುವ ಹಾಡುಗಳ ಪಟ್ಟಿಗಳನ್ನು ಅವರು ಓದುಗರಿಗಾಗಿ ಪ್ರಕಟಿಸಿದರು, ಬ್ರಿಟನ್ನಿನ ಮ್ಯೂಸ್ ಎಂಬ ರಾಕ್ ತಂಡಕ್ಕೆ ಪುಸ್ತಕದಲ್ಲೇ ಕೃತಜ್ಞತೆ ಹೇಳಿದರು. ಆ ತಂಡದ ಮೊದಲ ಆಲ್ಬಂ ಬಂದದ್ದೇ 1999ರಲ್ಲಿ. ಅಂದರೆ ಅವು ಮೇಯರ್ ಅವರ ಹದಿಹರೆಯದ ಹಾಡುಗಳಲ್ಲ. ಮುರಕಮಿಗೆ ಹಾಡು ಕೊಟ್ಟದ್ದು ಹಿಂದಿನ ಕಾಲವನ್ನು, ಮೇಯರ್ ಅವರಿಗೆ ಕೊಟ್ಟದ್ದು ಪಾತ್ರದ ಮೈಬಿಸಿಯನ್ನು ಎಂದು ನನ್ನ ಊಹೆ. ಭಯಾನಕ ಕತೆಗಳ ಸ್ಟೀಫನ್ ಕಿಂಗ್ ಅವರದು ಮೂರನೆಯ ದಾರಿ. ಅಬ್ಬರದ ರಾಕ್ ಸಂಗೀತ ತಮ್ಮ ಪಾಲಿಗೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುವ ಇನ್ನೊಂದು ಬಗೆ ಎಂದು ಅವರು ಬರೆದಿದ್ದಾರೆ.

ಪದಗಳ ಹರಿವು ತಗ್ಗುತ್ತದೆ ಎಂಬ ಪ್ರಯೋಗವೂ ನಿಜ, ಈ ಪುಸ್ತಕಗಳೂ ನಿಜ. ಪ್ರಯೋಗಾಲಯ ಅಳೆದದ್ದು ಕೊಟ್ಟ ವಿಷಯದ ಮೇಲೆ ವಿದ್ಯಾರ್ಥಿಗಳು ಬರೆದ ಪುಟ್ಟ ಪ್ರಬಂಧವನ್ನು. ಕಾದಂಬರಿಗೆ ತಿಂಗಳುಗಟ್ಟಲೆ ಒಂದೇ ಭಾವದ ನೀರಿನಲ್ಲಿ ಮುಳುಗಿರಬೇಕು. ನಿನ್ನೆ ಬಿಟ್ಟ ಜಾಗಕ್ಕೆ ಇವತ್ತು ಸರಿಯಾಗಿ ಹೋಗಿ ನಿಲ್ಲಬೇಕು. ಅಲ್ಲಿಗೆ ಕೈಹಿಡಿದು ಕರೆದೊಯ್ಯುವ ಹಾಡಿಗಾಗಿ ಗಂಟೆಗೆ ಒಂದಷ್ಟು ಪದ ಕಳೆದುಕೊಂಡರೂ ನಷ್ಟವಿಲ್ಲ. ಮೊಜಾರ್ಟ್‌ನ ಸಂಗೀತ ಕೇಳಿದರೆ ಬುದ್ಧಿ ಚುರುಕಾಗುತ್ತದೆ ಎಂದು 1993ರಲ್ಲಿ ಸದ್ದು ಮಾಡಿದ ‘ಮೊಜಾರ್ಟ್ ಪರಿಣಾಮ’ವೂ ಕೊನೆಗೆ ಬಂದು ನಿಂತದ್ದು ಇಲ್ಲಿಗೇ. ಸಂಗೀತ ಬುದ್ಧಿ ಹೆಚ್ಚಿಸಿರಲಿಲ್ಲ, ಕೇಳುವವರ ಮನಸ್ಥಿತಿ ಮತ್ತು ಲವಲವಿಕೆಯನ್ನು ಬದಲಿಸಿತ್ತು ಎಂಬುದು 2001ರ ಒಂದು ಅಧ್ಯಯನದಿಂದ ಗೊತ್ತಾಯಿತು. ಕಾದಂಬರಿಕಾರರಿಗೆ ಬೇಕಾದದ್ದೂ ಅದೇ ಅಲ್ಲವೇ?

ನನಗೆ ಉಳಿದಿರುವ ಚಿಂತೆ ಬೇರೆ. ನನ್ನ ಹಾಡು ನನ್ನನ್ನು ನನ್ನ ಹದಿನಾರಕ್ಕೆ ಒಯ್ಯುತ್ತದೆ. ಆದರೆ ನನ್ನ ನಾಯಕಿ ಇವತ್ತಿನವಳು. ಇಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹಾನ್ಸಲ್ 2013ರಲ್ಲಿ ಕಂಡುಕೊಂಡದ್ದು ನನಗೆ ಧೈರ್ಯ ಕೊಟ್ಟಿದೆ. ಇಪ್ಪತ್ತರ ಆಸುಪಾಸಿನವರಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿದಾಗ, ಅವರ ಸ್ವಂತ ಕಾಲದ ಹಾಡುಗಳಲ್ಲದೆ ಅಪ್ಪ ಅಮ್ಮನ ಯೌವನದ ಹಾಡುಗಳಿಗೂ ನೆನಪಿನ ಉಬ್ಬು ಕಾಣಿಸಿತು. 1960ರ ದಶಕದ ಹಾಡುಗಳಲ್ಲಿ ಇನ್ನೊಂದು, ತುಸು ಚಿಕ್ಕದು. ಅಡುಗೆಮನೆಯಲ್ಲಿ ಅಮ್ಮ ಗುನುಗಿದ್ದು ಮಗಳ ನೆನಪಾಗಿಯೂ ಉಳಿಯುತ್ತದೆ.

ಮೊನ್ನೆ ಪಿಯುಸಿ ಓದುವ ನಮ್ಮ ಅಕ್ಕನ ಮಗಳನ್ನು, ‘ನೀನು ಅಳು ಬಂದಾಗ ಯಾವ ಹಾಡು ಕೇಳುತ್ತೀಯ ಪುಟ್ಟಿ?’ ಎಂದು ಕೇಳಿದೆ. ಮೊದಲು ನಾಚಿಕೊಂಡಳು. ಆಮೇಲೆ ಒಂದು ಇಯರ್‌ಫೋನ್ ತನ್ನ ಕಿವಿಗಿಟ್ಟುಕೊಂಡು ಇನ್ನೊಂದನ್ನು ನನಗೆ ಕೊಟ್ಟಳು. ನನಗೆ ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ತಾಳ. ಅವಳು ನನ್ನ ಮೊಣಕೈ ಹಿಡಿದು, ‘ಈಗ ಬರುತ್ತದೆ ನೋಡು’ ಎಂದಳು.